ರಾಷ್ಟ್ರೀಯ ತಿನಿಸು ಘೋಷಿಸಬೇಡಿ, ರಾಗಿ ಕೊಡಿ

ದೆಹಲಿಯಲ್ಲೂ ನಮ್ಮ ಬೆಂಗಳೂರಿನ ವಿಧಾನಸೌಧದಲ್ಲೂ ಆಹಾರ, ಶಿಕ್ಷಣ ಮತ್ತು ಸಂಸ್ಕೃತಿ ಖಾತೆ ನೋಡಿಕೊಳ್ಳುವ ಮಾನ್ಯ ಸಚಿವರುಗಳಿಗೆ,

ನಮಸ್ಕಾರ.

2017ರ ನವೆಂಬರ್ ನಿಮಗೆ ನೆನಪಿರಬಹುದು. ದೆಹಲಿಯಲ್ಲಿ ವರ್ಲ್ಡ್ ಫುಡ್ ಇಂಡಿಯಾ ಮೇಳ ನಡೆಯುವುದಿತ್ತು. ಅದಕ್ಕೆ ಮುಂಚೆ ಟಿವಿಯಲ್ಲಿ ಒಂದು ಸುದ್ದಿ ಬಂತು. ಖಿಚಡಿಯನ್ನು ರಾಷ್ಟ್ರೀಯ ತಿನಿಸು ಎಂದು ಸರ್ಕಾರ ಘೋಷಿಸಲಿದೆಯಂತೆ! ಸರಿ, ಶುರುವಾಯಿತು. ಬಿರಿಯಾನಿ ಯಾಕಲ್ಲ ಎಂದರು ಕೆಲವರು, ಇಡ್ಲಿ ಏನು ಪಾಪ ಮಾಡಿತ್ತು ಎಂದರು ಇನ್ನು ಕೆಲವರು. ಹುಷಾರಿಲ್ಲದಾಗ ತಿನ್ನುವುದನ್ನು ತಂದು ದೇಶದ ತಲೆಯ ಮೇಲೆ ಇಡುತ್ತೀರಲ್ಲ ಎಂದು ನಕ್ಕವರೂ ಇದ್ದರು. ಕೊನೆಗೆ ಆಗಿನ ಆಹಾರ ಸಂಸ್ಕರಣಾ ಸಚಿವೆ ಹರ್‌ಸಿಮ್ರತ್ ಕೌರ್ ಬಾದಲ್ ಅವರೇ ಟ್ವೀಟ್ ಮಾಡಬೇಕಾಯಿತು. ಇದು ಬರೀ ದಾಖಲೆಗಾಗಿ ಮಾಡುತ್ತಿರುವ ಅಡುಗೆ, ರಾಷ್ಟ್ರೀಯ ತಿನಿಸಿನ ಮಾತೇ ಇಲ್ಲ ಎಂದರು. ನವೆಂಬರ್ 4ರಂದು ಇಂಡಿಯಾ ಗೇಟ್ ಹತ್ತಿರ ಬಾಣಸಿಗ ಸಂಜೀವ್ ಕಪೂರ್ ಮುಂದಾಳತ್ವದಲ್ಲಿ 918 ಕಿಲೋ ಖಿಚಡಿ ಬೆಂದಿತು. ಗಿನ್ನೆಸ್ ದಾಖಲೆಯೂ ಆಯಿತು. ಜಗಳ ಅಲ್ಲಿಗೆ ತಣ್ಣಗಾಯಿತು.

ಪಾಪ, ಖಿಚಡಿಯದೇನೂ ತಪ್ಪಿರಲಿಲ್ಲ. ಹದಿನಾಲ್ಕನೇ ಶತಮಾನದಲ್ಲಿ ಈ ದೇಶಕ್ಕೆ ಬಂದ ಮೊರೊಕ್ಕೊದ ಯಾತ್ರಿಕ ಇಬ್ನ್ ಬತೂತ ಅದರ ಬಗ್ಗೆ ಬರೆದಿದ್ದಾನೆ. ಇಲ್ಲಿನವರು ಹೆಸರುಕಾಳು, ಅಕ್ಕಿ ಸೇರಿಸಿ ಬೇಯಿಸಿ, ತುಪ್ಪ ಹಾಕಿಕೊಂಡು ಬೆಳಗ್ಗೆ ತಿನ್ನುತ್ತಾರೆ ಎಂದಿದ್ದಾನೆ. ನಮ್ಮ ಹುಗ್ಗಿ, ಪೊಂಗಲ್ ಎಲ್ಲ ಅದರ ಅಕ್ಕತಂಗಿಯರೇ. ಬಡವರೂ ರಾಜರೂ ತಿಂದ ಇಂಥ ಅಡುಗೆಯ ಹೆಸರು ಎತ್ತಿದ್ದಕ್ಕೇ ಅಷ್ಟು ಗಲಾಟೆ ಆಯಿತು. ಇನ್ನೊಂದರ ಹೆಸರು ಎತ್ತಿದ್ದರೆ ಏನಾಗುತ್ತಿತ್ತೋ.

ಈ ಪತ್ರ ಯಾಕೆ ಎಂದರೆ, ಆ ಆಸೆ ಇನ್ನೂ ಸತ್ತಿಲ್ಲ. ನಮಗೆ ರಾಷ್ಟ್ರಪಕ್ಷಿ ಇದೆ, ರಾಷ್ಟ್ರಪ್ರಾಣಿ ಇದೆ. ಕರ್ನಾಟಕಕ್ಕೆ ಪಕ್ಷಿ ನೀಲಕಂಠ, ಮರ ಶ್ರೀಗಂಧ. ಒಂದು ಚಿಟ್ಟೆಗೂ ಪಟ್ಟ ಕಟ್ಟಿದ್ದೇವೆ. ತಿನಿಸಿಗೆ ಮಾತ್ರ ಯಾಕೆ ಬೇಡ ಅಂತ ಯಾರಾದರೂ ಕೇಳುತ್ತಲೇ ಇರುತ್ತಾರೆ. ಕೇಳಿದಾಗೆಲ್ಲ ಬಿಸಿಬೇಳೆಬಾತು, ಮೈಸೂರು ಪಾಕು, ಮಸಾಲೆ ದೋಸೆ ಇವೇ ಹೆಸರುಗಳು ಬರುತ್ತವೆ. ಹಳೇ ಮೈಸೂರಿನ ಪೇಟೆ ಹೋಟೆಲಿನ ಮೆನು ಕಾರ್ಡ್ ಓದಿದ ಹಾಗೆ ಇರುತ್ತದೆ. ದಯವಿಟ್ಟು ಆ ಕೆಲಸಕ್ಕೆ ಕೈ ಹಾಕಬೇಡಿ. ನಿಮಗೆ ಅದಕ್ಕಿಂತ ದೊಡ್ಡ ಅಡುಗೆ ಮನೆ ಇದೆ, ಅದರ ಮಾತಿಗೆ ಆಮೇಲೆ ಬರುತ್ತೇನೆ.

ಸರ್ಕಾರ ಒಂದು ತಿನಿಸನ್ನು ದೇಶದ ಗುರುತು ಮಾಡಲು ಹೊರಟರೆ ಏನಾಗುತ್ತದೆ ಎಂಬುದಕ್ಕೆ ಥಾಯ್ಲೆಂಡ್ ಇದೆ. 1938ರಲ್ಲಿ ಪ್ರಧಾನಿಯಾದ ಫಿಬುನ್ ಸೊಂಗ್‌ಖ್ರಾಮ್ ಸೇನೆಯಿಂದ ಬಂದವನು. ದೇಶವನ್ನು ಹೊಸದಾಗಿ ಎರಕ ಹೊಯ್ಯುವ ಹಟ ಅವನದು. 1939ರಲ್ಲಿ ಸಯಾಂ ಎಂಬ ಹೆಸರನ್ನೇ ಥಾಯ್ಲೆಂಡ್ ಎಂದು ಬದಲಿಸಿದ. ಜನ ಎಂಥ ಬಟ್ಟೆ ಹಾಕಬೇಕು, ಬಾವುಟಕ್ಕೆ ಹೇಗೆ ಮರ್ಯಾದೆ ಕೊಡಬೇಕು ಎಂದು ಒಂದರ ಹಿಂದೆ ಒಂದು ಫರ್ಮಾನು ಹೊರಡಿಸಿದ. ಅಷ್ಟರಲ್ಲಿ ಯುದ್ಧ ಬಂತು, 1942ರಲ್ಲಿ ಪ್ರವಾಹವೂ ಬಂತು, ಅಕ್ಕಿಗೆ ತತ್ವಾರವಾಯಿತು. ಇದ್ದ ಅಕ್ಕಿಯನ್ನು ನೂಡಲ್ಸ್ ಮಾಡಿ ತಿಂದರೆ ಹೆಚ್ಚು ಜನರಿಗೆ ಸಾಕಾಗುತ್ತದೆ ಎಂದು ಸರ್ಕಾರವೇ ಪ್ರಚಾರಕ್ಕಿಳಿಯಿತು. ಬಾಣಲೆಯಲ್ಲಿ ನೂಡಲ್ಸ್ ಹುರಿಯುವ ಕಲೆ ಚೀನೀಯರದ್ದು. ಅದಕ್ಕೆ ಹುಣಸೆರಸ, ತಾಳೆಬೆಲ್ಲ, ಒಣ ಸೀಗಡಿ ಬಿದ್ದವು. ಹೆಸರು ಪಾಡ್ ಥಾಯ್ ಆಯಿತು. ಅದೇ ಸರ್ಕಾರ ಆ ಕಾಲದಲ್ಲೇ ಚೀನೀ ವ್ಯಾಪಾರಿಗಳ ಮೇಲೆ ನಿರ್ಬಂಧದ ಮೇಲೆ ನಿರ್ಬಂಧ ಹೇರುತ್ತಿತ್ತು. ಚೀನೀಯರ ಅಡುಗೆ ಬೇಕು, ಚೀನೀಯರು ಬೇಡ! 2002ರ ಹೊತ್ತಿಗೆ ಅಲ್ಲಿನ ಸರ್ಕಾರ ಹೊರದೇಶಗಳಲ್ಲಿ ಥಾಯ್ ಹೋಟೆಲುಗಳನ್ನು ಹೆಚ್ಚಿಸುವುದಕ್ಕೇ ಒಂದು ಯೋಜನೆ ಹಾಕಿಕೊಂಡಿತು. ಅದೂ ಗೆದ್ದಿತು. ಇವತ್ತು ಬೆಂಗಳೂರಿನಲ್ಲೂ ಪಾಡ್ ಥಾಯ್ ಸಿಗುತ್ತದೆ, ಚೆನ್ನಾಗಿಯೂ ಇರುತ್ತದೆ.

ಅದೇ ಯುದ್ಧದ ಕಾಲದಲ್ಲಿ ನಮ್ಮಲ್ಲೂ ಅಕ್ಕಿ ಸಾಲದಾಯಿತು. 1942ರಲ್ಲಿ ಬರ್ಮಾ ಜಪಾನಿನ ಕೈಗೆ ಹೋಯಿತು, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಬೆಂಗಳೂರಿನ ಎಂಟಿಆರ್‌ನವರು ಇಡ್ಲಿಗೆ ಅಕ್ಕಿ ಸಿಗದೆ ರವೆಯಲ್ಲಿ ಮಾಡಿ ನೋಡಿದರಂತೆ. ರವೆ ಇಡ್ಲಿ ಹುಟ್ಟಿದ್ದು ಹಾಗೆ ಎಂದು ಅವರೇ ಹೇಳುತ್ತಾರೆ. ಅದಕ್ಕೆ ಯಾವ ಮಂತ್ರಿಯ ಸಹಿಯೂ ಬೇಕಾಗಲಿಲ್ಲ. ಜನ ತಿಂದರು, ಮೇಲೊಂದು ಗೋಡಂಬಿ, ಪಕ್ಕದಲ್ಲಿ ಸಾಗು, ಸಣ್ಣ ಬಟ್ಟಲಲ್ಲಿ ತುಪ್ಪ ಇಟ್ಟುಕೊಂಡು ಉಳಿಸಿಕೊಂಡರು. ಯುದ್ಧ ಮುಗಿದು ಅಕ್ಕಿ ಬಂದ ಮೇಲೂ ಅದು ಹೋಗಲಿಲ್ಲ.

ಜನರೇ ಕಟ್ಟಿದ ಗುರುತುಗಳಲ್ಲಿ ನನಗೆ ಬಹಳ ದೊಡ್ಡದಾಗಿ ಕಾಣುವುದು ಹೈಟಿಯ ಕುಂಬಳಕಾಯಿ ಸಾರು. ಅದನ್ನು ಅವರು ಸೂಪ್ ಜೂಮೂ ಎನ್ನುತ್ತಾರೆ. ಫ್ರೆಂಚರ ಆಳ್ವಿಕೆಯಲ್ಲಿ ಆ ಕುಂಬಳಕಾಯಿ ಬೆಳೆಯುತ್ತಿದ್ದವರು ಗುಲಾಮರು. ಸಾರು ಬೇಯಿಸುತ್ತಿದ್ದವರೂ ಅವರೇ. ತಿನ್ನುವ ಹಕ್ಕು ಮಾತ್ರ ಒಡೆಯರದು. ಗುಲಾಮರು ದಂಗೆ ಎದ್ದು, ನೆಪೋಲಿಯನ್ನನ ಸೇನೆಯನ್ನೇ ಸೋಲಿಸಿ, 1804ರ ಜನವರಿ 1ರಂದು ಸ್ವತಂತ್ರರಾದರು. ಅಂದಿನಿಂದ ಪ್ರತಿ ಜನವರಿ 1ಕ್ಕೆ ಹೈಟಿಯ ಮನೆಮನೆಯಲ್ಲಿ ಅದೇ ಸಾರು. ಅಕ್ಕಪಕ್ಕದವರಿಗೆ ಹಂಚಿ ತಿನ್ನುತ್ತಾರೆ. 2021ರಲ್ಲಿ ಯುನೆಸ್ಕೋ ಅದನ್ನು ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು, ಸರಿ. ಸೇರಿಸದಿದ್ದರೂ ಅವರು ಮಾಡುತ್ತಲೇ ಇರುತ್ತಿದ್ದರು. ಪಕ್ಕದ ಜಮೈಕಾದ ರಾಷ್ಟ್ರೀಯ ತಿನಿಸಾದ ಆಕಿ ಮತ್ತು ಉಪ್ಪುಮೀನಿನ ಕತೆಯೂ ಹೀಗೇ. ಆಕಿ ಹಣ್ಣು ಪಶ್ಚಿಮ ಆಫ್ರಿಕಾದಿಂದ ಬಂದದ್ದು. ಉಪ್ಪು ಹಾಕಿ ಒಣಗಿಸಿದ ಕಾಡ್ ಎಂಬ ಸಮುದ್ರದ ಮೀನನ್ನು ಉತ್ತರ ಅಟ್ಲಾಂಟಿಕ್ ಕಡೆಯಿಂದ ತರಿಸುತ್ತಿದ್ದರು, ಗುಲಾಮರಿಗೆ ಅಗ್ಗದ ಊಟ ಅಂತ. ಎರಡರಲ್ಲಿ ಒಂದೂ ಆ ದ್ವೀಪದ್ದಲ್ಲ, ಆದರೂ ಆ ತಟ್ಟೆಯನ್ನು ಜಮೈಕಾದವರು ಬಿಟ್ಟುಕೊಡುತ್ತಾರಾ?

ನಮ್ಮದೂ ಅಷ್ಟೇ. ನಾನು ತುಮಕೂರು ಕಡೆಯವನು, ರಾಗಿ ಸೀಮೆಯವನು. ರಾಗಿ ಎಂದರೆ ನಮ್ಮ ನೆಲದ ಮಗ ಎಂದು ಎದೆ ತಟ್ಟಿಕೊಳ್ಳುತ್ತೇವೆ. ಅದರ ತವರು ಪೂರ್ವ ಆಫ್ರಿಕಾದ ಎತ್ತರದ ಪ್ರದೇಶ, ಇಥಿಯೋಪಿಯ, ಉಗಾಂಡದ ಕಡೆ. ಉತ್ತರ ಕರ್ನಾಟಕದ ಜೋಳದ ತವರೂ ಆಫ್ರಿಕಾ. ಸಾವಿರಾರು ವರ್ಷಗಳ ಹಿಂದೆ ಬಂದವು, ಇಲ್ಲಿನ ಮಣ್ಣು ಹಿಡಿದವು. ಆ ನಂಟು ಮುಗಿದೂ ಇಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯ ಎಂಬ ವಿಜ್ಞಾನಿ ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿಸಿ ಹೊಸ ತಳಿಗಳನ್ನು ತಂದರು. ಇಂಡಿಯಾ, ಆಫ್ರಿಕಾ ಎರಡೂ ಹೆಸರು ಸೇರಿಸಿ ಅವಕ್ಕೆ ಇಂಡಾಫ್ ಎಂದು ಕರೆದರು. ಇಳುವರಿ ಎಷ್ಟು ಏರಿತೆಂದರೆ ರೈತರು ಅವರನ್ನು ರಾಗಿ ಬ್ರಹ್ಮ ಎಂದೇ ಕರೆದರು. ಇನ್ನು ಮೆಣಸಿನಕಾಯಿ, ಶೇಂಗಾ, ಆಲೂಗಡ್ಡೆ, ಟೊಮ್ಯಾಟೊ ಎಲ್ಲ ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದವು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಮಾನ್ಯತೆ, ಅಂದರೆ ಇದು ಆ ಊರಿನದೇ ಸರಕು ಎಂಬ ಸರ್ಕಾರದ ಮುದ್ರೆ ಸಿಕ್ಕಿತು, ಹೆಮ್ಮೆಯ ವಿಷಯವೇ. ಪೋರ್ಚುಗೀಸರು ಬರುವ ಮುಂಚೆ ಬ್ಯಾಡಗಿಯಲ್ಲಿ ಅದನ್ನು ಕಂಡವರಿರಲಿಲ್ಲ.

ಪಟ್ಟಿಗಳ ಜಗಳದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ರಸಗುಲ್ಲಕ್ಕೆ 2017ರಲ್ಲಿ ಬಂಗಾಳ ಜಿಐ ಪಡೆಯಿತು, 2019ರಲ್ಲಿ ಒಡಿಶಾ ತನ್ನದಕ್ಕೂ ಪಡೆಯಿತು. ಎರಡೂ ಕಡೆಯವರು ಇನ್ನೂ ಕೈ ಕೈ ಮಿಲಾಯಿಸುತ್ತಿದ್ದಾರೆ. ಕುಸ್‌ಕುಸ್ ಎಂಬ ಉತ್ತರ ಆಫ್ರಿಕಾದ ರವೆ ಅಡುಗೆಯ ವಿಷಯದಲ್ಲಿ ಮಾತ್ರ ಅಲ್ಜೀರಿಯ, ಮೊರೊಕ್ಕೊ, ಟುನೀಷಿಯ, ಮಾರಿಟಾನಿಯ ನಾಲ್ಕೂ ಒಟ್ಟಿಗೆ ಅರ್ಜಿ ಹಾಕಿ 2020ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು. ಒಬ್ಬರಿಗೊಬ್ಬರು ಆಗದ ಅಲ್ಜೀರಿಯ, ಮೊರೊಕ್ಕೊ ಒಂದೇ ಕಾಗದಕ್ಕೆ ಸಹಿ ಹಾಕಿದವು ಎಂದರೆ ಕುಸ್‌ಕುಸ್‌ಗೆ ಕೈ ಮುಗಿಯಬೇಕು. ಅಂದ ಹಾಗೆ 2014ರಲ್ಲಿ ನಮ್ಮ ದೇಶದಿಂದಲೂ ಅಡುಗೆ ಮನೆಗೆ ಸಂಬಂಧಿಸಿದ ಒಂದು ಆ ಪಟ್ಟಿ ಸೇರಿತು. ಅದು ಪಂಜಾಬಿನ ಜಂಡಿಯಾಲ ಗುರು ಎಂಬಲ್ಲಿ ಹಿತ್ತಾಳೆ, ತಾಮ್ರದ ಪಾತ್ರೆ ಬಡಿಯುವ ಕಲೆ. ಪಾತ್ರೆ ಒಳಗೆ ಏನು ಬೇಯಿಸಬೇಕು ಎಂಬ ಜಗಳವಿಲ್ಲದ ಒಳ್ಳೆ ಆಯ್ಕೆ ಎಂದು ನನಗನಿಸಿತ್ತು!

ಈಗ ಆ ದೊಡ್ಡ ಅಡುಗೆ ಮನೆಯ ವಿಷಯ. ನೀವು ಘೋಷಿಸಲಿ, ಬಿಡಲಿ, ಈ ದೇಶದ ತಟ್ಟೆಯಲ್ಲಿ ಏನಿರಬೇಕು ಎಂದು ದಿನಾ ತೀರ್ಮಾನಿಸುತ್ತಿರುವವರು ನೀವೇ. ನ್ಯಾಯಬೆಲೆ ಅಂಗಡಿಯಲ್ಲಿ ಏನು ತೂಗುತ್ತಾರೆ, ಶಾಲೆಯ ಬಿಸಿಯೂಟದಲ್ಲಿ ಏನು ಬಡಿಸುತ್ತಾರೆ ಎಂಬುದರಲ್ಲಿ ಅದು ತೀರ್ಮಾನವಾಗುತ್ತಿದೆ. ಇಂಡಿಯಾ ಗೇಟಿನಲ್ಲಿ ಬೆಂದದ್ದು ಒಂದು ದಿನದ 918 ಕಿಲೋ. ಶಾಲೆಗಳಲ್ಲಿ ಕೋಟಿಗಟ್ಟಲೆ ಮಕ್ಕಳಿಗೆ ದಿನಾ ಬೇಯುತ್ತದೆ. ಬೇಯಿಸಿದ ಊಟವನ್ನೇ ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2001ರ ನವೆಂಬರಿನಲ್ಲಿ. ನಮ್ಮ ರಾಜ್ಯದಲ್ಲಿ 2002ರಲ್ಲಿ ಈಶಾನ್ಯದ ಜಿಲ್ಲೆಗಳಿಂದ ಅಕ್ಷರ ದಾಸೋಹ ಎಂಬ ಬಿಸಿಯೂಟದ ಯೋಜನೆ ಶುರುವಾಯಿತು. ಯೋಜನೆಯ ಲೆಕ್ಕದಲ್ಲಿ ಕಿರಿಯ ಪ್ರಾಥಮಿಕದ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, ಹಿರಿಯ ಪ್ರಾಥಮಿಕದ ಮಗುವಿಗೆ 150 ಗ್ರಾಂ. ಆ ಧಾನ್ಯ ಎಂದರೆ ನಮ್ಮಲ್ಲಿ ಮುಖ್ಯವಾಗಿ ಅಕ್ಕಿ. ಬೀದರಿನಿಂದ ಚಾಮರಾಜನಗರದವರೆಗೆ ಒಂದು ತಲೆಮಾರು ಮಧ್ಯಾಹ್ನ ಅನ್ನ-ಸಾಂಬಾರು ಉಂಡು ಬೆಳೆದಿದೆ. ಕರ್ನಾಟಕದ ನಾಡ ತಿನಿಸು ಯಾವುದು ಎಂದು ಆ ತಲೆಮಾರನ್ನು ಕೇಳಿ ನೋಡಿ.

ಅನ್ನದ ಮೇಲೆ ನನಗೆ ಸಿಟ್ಟಿಲ್ಲ. ಹಾಗಂತ ಅಂದುಕೊಳ್ಳಬೇಡಿ. ನಮ್ಮ ಸೀಮೆಯಲ್ಲಿ ಹಿಂದೆ ಅನ್ನ ಎಂದರೆ ಹಬ್ಬ. ನೆಂಟರು ಬಂದರೆ ಅನ್ನ, ಮದುವೆಯಲ್ಲಿ ಅನ್ನ. ದಿನಾ ಅನ್ನ ಉಣ್ಣುವವರು ಎಂದರೆ ಗದ್ದೆ ಇದ್ದವರು, ಸಂಬಳದವರು. ಉಳಿದವರಿಗೆ ಮುದ್ದೆ, ಅದೂ ಸಾಲದೆ ಗಂಜಿ, ಅಂಬಲಿ. 2013ರಲ್ಲಿ ಅನ್ನಭಾಗ್ಯ ಬಂದು ಬಡವರ ಮನೆಗೆ ರೂಪಾಯಿಗೊಂದು ಕಿಲೋ ಅಕ್ಕಿ ಬಂತು. ಬಡವರು ಸೋಮಾರಿಗಳಾಗುತ್ತಾರೆ ಎಂದು ಗೊಣಗಿದವರು ಆಗಲೂ ಇದ್ದರು, ಈಗಲೂ ಇದ್ದಾರೆ. ದಿನಾ ಮೂರು ಹೊತ್ತು ಅನ್ನ ಉಂಡೇ ಗೊಣಗಿದರು ಅವರು. ಉಳ್ಳವರ ಊಟ ಕೂಲಿಯವರ ಮನೆಗೂ ಬಂದದ್ದು ಸಣ್ಣ ಮಾತಲ್ಲ. ಮೇಲಾಗಿ ಅನ್ನ ಮಾಡುವುದು ಸುಲಭ. ಮುದ್ದೆಗೆ ಎಸರು ಇಟ್ಟು, ಹಿಟ್ಟು ಹಾಕಿ, ಕೋಲಿನಲ್ಲಿ ಗಂಟಿಲ್ಲದ ಹಾಗೆ ತಿರುವಿ, ಸುಡುಸುಡುವಾಗಲೇ ಕೈಯಲ್ಲಿ ಉಂಡೆ ಕಟ್ಟಬೇಕು. ಜೋಳದ ರೊಟ್ಟಿ ಬಡಿಯುವುದಂತೂ ತೋಳಿನ ಕಸುವು ಕೇಳುತ್ತದೆ. ಬೆಳಗ್ಗೆ ಎಂಟಕ್ಕೆ ಗಾರ್ಮೆಂಟ್ಸ್ ಬಸ್ಸು ಹಿಡಿಯುವ ಹೆಣ್ಣುಮಗಳಿಗೆ ಹಳೆಯ ಊಟ ಎಷ್ಟು ಪೌಷ್ಟಿಕ ಗೊತ್ತಾ ಎಂದು ಪಾಠ ಹೇಳಲು ನನಗಂತೂ ನಾಚಿಕೆಯಾಗುತ್ತದೆ.

ನನ್ನ ತಕರಾರು ಬೇರೆ. ಹಸಿವು ನೀಗಿಸಲು ಅಕ್ಕಿ ಕೊಟ್ಟಿರಿ, ಸರಿ. ರಾಗಿ ತಿನ್ನುವವರಿಗೆ ರಾಗಿ, ಜೋಳ ತಿನ್ನುವವರಿಗೆ ಜೋಳ ಅಷ್ಟೇ ಅಗ್ಗವಾಗಿ, ಅಷ್ಟೇ ತಪ್ಪದೆ ಕೊಡಲು ಯಾಕೆ ಆಗುವುದಿಲ್ಲ? ದಕ್ಷಿಣದ ಜಿಲ್ಲೆಗಳಿಗೆ ರಾಗಿ, ಉತ್ತರದವಕ್ಕೆ ಜೋಳ ಎಂಬ ಕ್ರಮ ಬಂದಿದೆ, ಇಲ್ಲ ಎನ್ನುವುದಿಲ್ಲ. ಆದರೆ ಅದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಯಾವ ತಿಂಗಳು ಎಷ್ಟು ಬರುತ್ತದೆ ಎಂದು ಮೊದಲೇ ಗೊತ್ತಾಗುವುದಿಲ್ಲ. ಬಂದ ತಿಂಗಳು ಅದನ್ನು ಕೇರಿ, ಕಲ್ಲು ಆರಿಸಿ, ಗಿರಣಿಗೆ ಹಾಕಿಸಬೇಕು. ಕರಾವಳಿಯವರ ಪಾಡು ನೋಡಿ. ಅವರು ಉಣ್ಣುವುದು ಕುಚ್ಚಲಕ್ಕಿ. ರೇಷನ್ನಿನಲ್ಲಿ ಬಂದದ್ದು ಬೆಳ್ತಿಗೆ, ಅಂದರೆ ಬಿಳಿ ಅಕ್ಕಿ. ಊಟಕ್ಕೆ ಒಗ್ಗದ ಅಕ್ಕಿಯನ್ನು ದೋಸೆಗೆ ಹಾಕಿದರು, ಕೋಳಿಗೆ ಹಾಕಿದರು, ಮಾರಿಯೂ ಬಿಟ್ಟರು. ನಮ್ಮ ಕುಚ್ಚಲಕ್ಕಿಯನ್ನೇ ಕೊಡಿ ಎಂದು ವರ್ಷಗಟ್ಟಲೆ ಕೇಳುತ್ತಾ ಬಂದಿದ್ದಾರೆ. ಇದರಲ್ಲಿ ಸರ್ಕಾರದ ದುಡ್ಡೂ ಹೋಯಿತು, ಅವರ ಊಟವೂ ಆಗಲಿಲ್ಲ.

ಹೊಲದ ಕಡೆ ಕೂಡ ನೋಡಬೇಕು. ನಮ್ಮ ಕಡೆ ರಾಗಿ ಹೊಲಗಳು ಅಡಿಕೆ ತೋಟಗಳಾದವು. ಕೋಲಾರದ ಕಡೆ ನೀಲಗಿರಿ ಬಂತು. ಇದಕ್ಕೆಲ್ಲ ರೇಷನ್ ಅಕ್ಕಿಯೇ ಕಾರಣ ಎನ್ನುವುದಿಲ್ಲ. ಕೂಲಿಯಾಳು ಸಿಗುವುದಿಲ್ಲ, ಕೊಯ್ಲಾದ ಮೇಲೆ ಬೆಲೆ ಬಿದ್ದು ಹೋಗುತ್ತದೆ, ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರು ನಿಲ್ಲಿಸಿಕೊಂಡು ಕಾಯಬೇಕು. ಆದರೆ ಸರ್ಕಾರವೇ ವರ್ಷ ವರ್ಷ ಖಾತ್ರಿಯಾಗಿ ಕೊಂಡು, ಅದೇ ಜಿಲ್ಲೆಯ ರೇಷನ್ನಿಗೂ ಶಾಲೆಗೂ ಹಾಕಿದರೆ ಬೆಳೆಯುವವನಿಗೊಂದು ಧೈರ್ಯ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದು ಆಚರಿಸಿತು. ಪ್ರಸ್ತಾಪ ಇಟ್ಟದ್ದೇ ಭಾರತ. ಮೇಳಗಳಾದವು, ಜಿ20 ಊಟದಲ್ಲಿ ವಿದೇಶಿ ನಾಯಕರಿಗೆ ಸಿರಿಧಾನ್ಯದ ಖಾದ್ಯ ಬಡಿಸಿದರು, ಮಾಲ್‌ಗಳಲ್ಲಿ ರಾಗಿ ಕುಕ್ಕೀಸು ಬಂದವು. ಜೋ ಬೈಡನ್ ತಟ್ಟೆಗೆ ಬಂದ ಸಿರಿಧಾನ್ಯ ಪಾವಗಡದ ಸರ್ಕಾರಿ ಶಾಲೆಯ ತಟ್ಟೆಗೂ ಬರಲಿ ಎನ್ನುವುದು ತಪ್ಪಾ? 2024ರಿಂದ ನಮ್ಮ ಶಾಲೆಗಳಲ್ಲಿ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡುತ್ತಿದ್ದೀರಿ. ಅದು ಒಳ್ಳೆಯ ಕೆಲಸ, ಅದಕ್ಕೆ ಧನ್ಯವಾದ. ಅದನ್ನು ಲೋಟದಿಂದ ತಟ್ಟೆಗೂ ತನ್ನಿ.

ಇನ್ನು ಮೊಟ್ಟೆ. 2021ರ ಡಿಸೆಂಬರಿನಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇತ್ತು, ಆದರೂ ಗಲಾಟೆ. ಮಕ್ಕಳು ಮಾತ್ರ ಮೊಟ್ಟೆ ಬೇಕು ಎಂದರು, ಆಮೇಲೆ ಅದು ಎಲ್ಲ ಜಿಲ್ಲೆಗೂ ಬಂತು. 2024ರ ಡಿಸೆಂಬರಿನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಮಳಿಗೆಗಳ ಸೂಚನೆಯಲ್ಲಿ ಮದ್ಯ, ತಂಬಾಕಿನ ಸಾಲಿನಲ್ಲೇ ಮಾಂಸಾಹಾರವನ್ನೂ ಸೇರಿಸಿದ್ದರು. ಮಂಡ್ಯದಲ್ಲಿ! ಅಲ್ಲಿಯವರು ಬಾಡೂಟ ಬೇಕು ಎಂದು ಎದ್ದು ನಿಂತರು. ನಿಲ್ಲದೆ ಇನ್ನೇನು? ಕೇಂದ್ರ ಸರ್ಕಾರದ್ದೇ 2014ರ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐವರಲ್ಲಿ ಸುಮಾರು ನಾಲ್ವರು ಮಾಂಸ, ಮೀನು, ಮೊಟ್ಟೆ ತಿನ್ನುವವರು. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ರಾಜ ಮೂರನೇ ಸೋಮೇಶ್ವರ ಬರೆಸಿದ ಅಡುಗೆಯ ವಿವರಗಳಲ್ಲಿ ಇಡ್ಲಿ, ದೋಸೆಯ ಹಿರಿಯರೂ ಇದ್ದಾರೆ, ಮಾಂಸ, ಮೀನು, ಏಡಿ, ಹೊಲದ ಇಲಿ ಕೂಡ ಇವೆ. ನಾಡ ತಿನಿಸು ಆರಿಸುವ ಸಮಿತಿಯೊಂದು ಕೂತರೆ ಇದರಲ್ಲಿ ಯಾವುದನ್ನು ಇಟ್ಟುಕೊಂಡು ಯಾವುದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸುತ್ತದೆ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ನನ್ನ ವಿರೋಧಕ್ಕೆ ಮುಖ್ಯ ಕಾರಣವೇ ಅದು.

ಹಾಗಾಗಿ ನನ್ನ ಮನವಿ ಇಷ್ಟು. ಜಿಲ್ಲೆಯ ಧಾನ್ಯ ಆ ಜಿಲ್ಲೆಯ ರೇಷನ್ನಿನಲ್ಲಿ ವರ್ಷವಿಡೀ ಇರಲಿ. ಅಕ್ಕಿ ಬೇಕಾದವರಿಗೆ ಅಕ್ಕಿ, ರಾಗಿ ಬೇಕಾದವರಿಗೆ ರಾಗಿ, ಕುಚ್ಚಲಕ್ಕಿ ಬೇಕಾದವರಿಗೆ ಕುಚ್ಚಲಕ್ಕಿ ಎಂದು ಕಾರ್ಡುದಾರರೇ ಆರಿಸಿಕೊಳ್ಳಲಿ. ಪಟ್ಟಣಗಳಲ್ಲಾದರೂ ಹಿಟ್ಟು ಮಾಡಿಸಿಯೇ ಕೊಡಿ. ಬಿಸಿಯೂಟದಲ್ಲಿ ವಾರಕ್ಕೆ ಎರಡು ದಿನ ಏನು ಅಡುಗೆ ಎಂಬುದನ್ನು ಬೆಂಗಳೂರಿನಿಂದ ಹೇಳಬೇಡಿ, ಅಡುಗೆಯವರಿಗೂ ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಗೂ ಬಿಡಿ. ಕಲಬುರಗಿಯ ಶಾಲೆಯಲ್ಲಿ ಊರಿನ ಹೆಣ್ಣುಮಕ್ಕಳ ಸಂಘದಿಂದ ಖಡಕ್ ರೊಟ್ಟಿ ಕೊಳ್ಳಬಹುದು, ಅಲ್ಲಿನ ತೊಗರಿ ಬೇಳೆಗಂತೂ 2019ರಲ್ಲಿ ಜಿಐ ಬಂದಿದೆ. ನಮ್ಮ ಕಡೆ ಮುದ್ದೆ, ಸೊಪ್ಪಿನ ಸಾರು ಆಗಲಿ. ಇನ್ನೂರು ಮಕ್ಕಳಿಗೆ ಮುದ್ದೆ ಕಟ್ಟುವುದು ತಮಾಷೆಯಲ್ಲ. ಆದ್ದರಿಂದ ಹಿಟ್ಟು ತಿರುವುವ ಯಂತ್ರ ಕೊಡಿ, ಇನ್ನೊಂದು ಕೈ ಕೆಲಸಕ್ಕೆ ಇಡಿ, ಅವರಿಗೆ ಬದುಕಲು ಸಾಲುವ ಸಂಬಳ ಕೊಡಿ. ಬಿಸಿಯೂಟದ ಅಡುಗೆಯವರಿಗೆ ಈಗ ಸಿಗುವುದು ತಿಂಗಳಿಗೆ ಕೆಲವೇ ಸಾವಿರ, ಅದಕ್ಕೆ ಗೌರವಧನ ಎಂದು ಹೆಸರು. ಅವರು ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಬಂದು ಧರಣಿ ಕೂರುವುದನ್ನು ನೀವೂ ನೋಡಿದ್ದೀರಿ. ಸಂಸ್ಕೃತಿ ಇಲಾಖೆಯವರಿಗೆ ಹುರುಪಿದ್ದರೆ ಎಳ್ಳ ಅಮಾವಾಸ್ಯೆಯ ಭಜ್ಜಿ, ಮಲೆನಾಡಿನ ಕಳಲೆ, ಮಂಡ್ಯದ ಉಪ್ಸಾರು, ಬೀಡು ಬಿಟ್ಟ ಕುರಿಗಾಹಿಗಳ ಅಡುಗೆ ಇವನ್ನೆಲ್ಲ ಮಾಡುವವರ ಬಾಯಿಂದಲೇ ಕೇಳಿ ಬರೆದಿಡಲಿ. ಅದರಲ್ಲಿ ಮೊದಲನೆಯದು, ಎರಡನೆಯದು ಎಂಬ ನಂಬರು ಬೇಡ.

ರಾಗಿ ಕೊಯ್ಲು ಮುಗಿದು ಕಣ ಆಗುವ ಹೊತ್ತಿಗೆ ಬೆಂಬಲ ಬೆಲೆ ಖರೀದಿಯ ನೋಂದಣಿ ಶುರುವಾಗುತ್ತದೆ. ಈ ಸಲ ಎಷ್ಟು ಕೊಳ್ಳುತ್ತೀರಿ, ಅದರಲ್ಲಿ ಎಷ್ಟು ನಮ್ಮದೇ ಜಿಲ್ಲೆಯ ರೇಷನ್ನಿಗೆ, ಎಷ್ಟು ಶಾಲೆಗೆ ಎಂಬುದನ್ನು ಅದಕ್ಕೆ ಮೊದಲೇ ತಿಳಿಸಿದರೆ ಉಪಕಾರವಾಗುತ್ತದೆ. ಬಿತ್ತುವ ಮುಂಚೆಯೇ ತಿಳಿಸಿದರೆ ಇನ್ನೂ ಒಳ್ಳೆಯದು.

ಇಂತಿ ನಮಸ್ಕಾರಗಳೊಂದಿಗೆ,
ತುಮಕೂರು ಜಿಲ್ಲೆಯ ಒಬ್ಬ ರೇಷನ್ ಕಾರ್ಡುದಾರ